ಪೆನ್ಸಿಲ್ ಒಳಗೆ ಬಿಡಿ

ಸಂಪಾದಕರಿಗೆ ನಮಸ್ಕಾರ.

ನಾನು ಶಿರಸಿ ಕಡೆಯ ಹೈಸ್ಕೂಲಿನಲ್ಲಿ 29 ವರ್ಷ ಡ್ರಾಯಿಂಗ್ ಅಕ್ಕೋರಾಗಿದ್ದವಳು. ನಿವೃತ್ತಿಯ ವರ್ಷ ಮಕ್ಕಳನ್ನು ದೂರದ ಒಂದು ವಿಶ್ವವಿದ್ಯಾಲಯದ ಕಲಾ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ರಾತ್ರಿಯಿಡೀ ಬಸ್ಸು. ಒಳಗೆ ಇದ್ದದ್ದು ಇಪ್ಪತ್ತೇ ನಿಮಿಷ. ಎಂಟನೇ ಕ್ಲಾಸಿನ ಒಬ್ಬಳು ಚಿತ್ರದ ಎದುರು ಚಕ್ಕಳಮಕ್ಕಳ ಕೂತು ನೋಟ್‌ಬುಕ್ ತೆಗೆದಳು. ಕಾವಲಿನವರು ಬಂದು, 'ಇಲ್ಲಿ ಕೂರಬಾರದು, ಪೆನ್ಸಿಲ್ ಒಳಗಿಡಮ್ಮ' ಅಂದರು. ಅವರದೇನೂ ತಪ್ಪಲ್ಲ, ಅವರಿಗೆ ಹೇಳಿಕೊಟ್ಟಿದ್ದೇ ಅಷ್ಟು. ಚಿತ್ರದ ಕೆಳಗಿನ ಚೀಟಿ ಇಂಗ್ಲಿಷಿನಲ್ಲಿತ್ತು. ವಿವರಿಸಲು ಯಾರೂ ಇರಲಿಲ್ಲ. ಹೊರಗೆ ಚಿತ್ರಕಲೆಯನ್ನೇ ಓದುವ ಹುಡುಗರು ಚಹಾ ಕುಡಿಯುತ್ತಾ ಸುಮ್ನೆ ನಿಂತಿದ್ದರು. ಒಬ್ಬರನ್ನು ಕರೆದಿದ್ದರೆ ಸಾಕಿತ್ತು, ಅಲ್ವಾ?

ವಾಪಸ್ ಬರುವಾಗ ಆ ಹುಡುಗಿ ಬಸ್ಸಿನಲ್ಲಿ ಕಾವಲಿನವರ ಚಿತ್ರ ಬರೆದಳು. ಮೀಸೆ ಚೆನ್ನಾಗಿ ಬಂದಿತ್ತು.

ಠಾಗೋರರು ಹರೆಯದಲ್ಲಿ ಕಾರವಾರಕ್ಕೆ ಬಂದಿದ್ದರು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಕಡಲತೀರಕ್ಕೆ ಅವರ ಹೆಸರನ್ನೂ ಇಟ್ಟಿದ್ದೇವೆ. ಅವರ ಶಾಂತಿನಿಕೇತನದಲ್ಲಿ 1919ರಲ್ಲಿ ಶುರುವಾದ ಕಲಾಭವನ ಎಂಬ ಕಲಾಶಾಲೆಯಲ್ಲಿ ಒಂದು ಕರಿಮನೆ ಇದೆ. ಮಣ್ಣಿನ ಗೋಡೆ, ಅದರ ಮೇಲೆ ಉಬ್ಬುಚಿತ್ರ, ಮೇಲಿಂದ ಡಾಂಬರು. ನಂದಲಾಲ್ ಬೋಸ್, ರಾಮ್‌ಕಿಂಕರ್ ಬೈಜ್ ಅವರಂಥ ಗುರುಗಳು ವಿದ್ಯಾರ್ಥಿಗಳ ಜೊತೆ ಮಣ್ಣು ಮೆತ್ತಿ ಮಾಡಿದ್ದು. ಕಲಿಯುವ ಹುಡುಗರು ಅದರಲ್ಲೇ ವಾಸ ಮಾಡಿದ್ದಾರೆ.

ನಮ್ಮಲ್ಲೂ ಗೋಡೆಯ ಕಲೆ ಇಲ್ಲದಿಲ್ಲ. ಶಿರಸಿಯ ಮಾರಿಕಾಂಬೆ ಗುಡಿಯ ಕಾವಿ ಚಿತ್ರ ನೋಡಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ತೆಳು ಪದರ. ಅದು ಹಸಿಯಿರುವಾಗಲೇ ಚೂಪಾದ ಕಡ್ಡಿಯಿಂದ ಕೆಂಪನ್ನು ಕೆರೆಯಬೇಕು, ಆಗ ಕೆಳಗಿನ ಬಿಳಿ ಕಾಣುತ್ತದೆ. ಬರೆಯುವುದಲ್ಲ, ತೆಗೆಯುವುದು. ಇದನ್ನು ಎಷ್ಟು ಬಾಯಲ್ಲಿ ಹೇಳಿದರೂ ಮಕ್ಕಳಿಗೆ ಹತ್ತಲಿಲ್ಲ. ಕೊನೆಗೆ ಹಂಚಿನ ತುಂಡುಗಳಿಗೆ ಸುಣ್ಣ ಬಳಿದು ಮಾಡಿಸಿದೆ. ಮೊದಲ ಸಲ ಎಲ್ಲಾ ಹಪ್ಪಳದ ಹಾಗೆ ಎದ್ದು ಬಂತು. ಗಾರೆ ಕೆಲಸ ಬಲ್ಲ ಅಜ್ಜ ಒಬ್ಬರು ನೋಡಿ, 'ಅಕ್ಕೋರೆ, ಸುಣ್ಣ ಹಿಡಿಯೋಕೆ ಬೆಲ್ಲ ಹಾಕಿದ್ರಾ?' ಅಂತ ಕೇಳಿದರು. ನಾನು ಹಾಕಿರಲಿಲ್ಲ. ನನ್ನ ಡಿಪ್ಲೊಮಾದಲ್ಲಿ ಬೆಲ್ಲದ ಪಾಠ ಇರಲಿಲ್ಲ!

ವಿಶ್ವವಿದ್ಯಾಲಯದ ಮ್ಯೂಸಿಯಂಗಳು ಇಂಥ ಅಜ್ಜನನ್ನು, ಇಲ್ಲವೇ ಮರದ ಕೆತ್ತನೆ ಮಾಡುವ ಒಬ್ಬ ಗುಡಿಗಾರರನ್ನು ಒಂದು ತಿಂಗಳು ಕರೆಸಲಿ. ಶಾಲು ಹೊದಿಸಿ ಕಳಿಸುವುದು ಬೇಡ, ಸಂಬಳ ಕೊಡಲಿ. ನೋಡುವವರ ಎದುರೇ ಅವರು ಕೆಲಸ ಮಾಡಲಿ. ವಾರಕ್ಕೊಂದು ದಿನ ಹೈಸ್ಕೂಲು ಮಕ್ಕಳನ್ನು ನೆಲದ ಮೇಲೆ ಕೂತು ಬರೆಯಲು ಬಿಡಲಿ. ಇದಕ್ಕೆ ಜಾಸ್ತಿ ಖರ್ಚೇನೂ ಇಲ್ಲ. ನಮ್ಮ ಮಕ್ಕಳು ಅಷ್ಟು ದೂರ ಹೋಗುವುದು ತಪ್ಪಬೇಕಾದರೆ, ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೇ ಇದೆ. ಅಲ್ಲಿ ಒಂದು ಕೋಣೆ ಸಿಕ್ಕರೂ ಶುರು ಮಾಡಬಹುದು.

ಸುಣ್ಣ, ಕೆಮ್ಮಣ್ಣು ನಾನು ತರುತ್ತೇನೆ. ಈ ಸಲ ಬೆಲ್ಲವನ್ನೂ.

– ನಿವೃತ್ತ ಚಿತ್ರಕಲಾ ಶಿಕ್ಷಕಿ, ಶಿರಸಿ