ಸೆಲ್ಫ್ ಮೋಟಾರ್ ಬಿಚ್ಚುವ ಮೊದಲು ಮೀಟರ್ ಇಟ್ಟು ನೋಡಿ

ಮಾನ್ಯ ಸಂಪಾದಕರೇ,

ಮಳೆ ಹಿಡಿಯಿತೆಂದರೆ ಮೂಡಿಗೆರೆ, ಆಲ್ದೂರು, ಕಳಸ, ಕೊಪ್ಪ ಕಡೆಯ ಗ್ಯಾರೇಜುಗಳಿಗೆ ‘ಸೆಲ್ಫ್ ಎತ್ತುತ್ತಿಲ್ಲ’ ಎನ್ನುವ ಜೀಪು, ಪಿಕಪ್‌ಗಳು ಒಂದರ ಹಿಂದೊಂದು ಬರುತ್ತವೆ. ಯಾವ ಪರೀಕ್ಷೆಯನ್ನೂ ಮಾಡದೆ ಎಷ್ಟೋ ಗಾಡಿಗಳಿಗೆ ಹೊಸ ಸ್ಟಾರ್ಟರ್ ಮೋಟಾರ್ (ಎಂಜಿನ್ ತಿರುಗಿಸಿ ಎಬ್ಬಿಸುವ ಸೆಲ್ಫ್ ಮೋಟಾರ್) ಕೂರಿಸಲಾಗುತ್ತದೆ, ಸ್ವಲ್ಪ ದಿನಕ್ಕೆ ಅದೇ ತೊಂದರೆ ಮರಳುತ್ತದೆ. ಕರೆಂಟ್ ಬರುವ ದಾರಿಯೇ ಕೆಟ್ಟಿರುವಾಗ ಮೋಟಾರ್ ಬದಲಿಸಿ ಏನು ಪ್ರಯೋಜನ? ಮಾಲೀಕರ ದುಡ್ಡು ಹೀಗೆ ಪೋಲಾಗುವುದು ತಪ್ಪಬೇಕು ಎಂಬ ಕಾಳಜಿಯಿಂದ ಈ ಪತ್ರ.

ಮೊದಲು ಕಿವಿಗೊಡಿ. ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಿ. ‘ಟಕಟಕಟಕ’ ಎಂದು ಬಿಡದೆ ಬಡಿದು ಲೈಟ್ ಮಂಕಾದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲವಿದೆ. ಒಂದೇ ಒಂದು ‘ಟಕ್’ ಬಂದು ಲೈಟ್ ಹಾಗೇ ಉರಿಯುತ್ತಿದ್ದರೆ ಮೋಟಾರ್‌ಗೆ ಕರೆಂಟ್ ಬಿಡುವ ಸೊಲೆನಾಯ್ಡ್ ಎಂಬ ಸ್ವಿಚ್‌ನ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಇಲ್ಲವೇ ಮೋಟಾರ್‌ನ ಸುತ್ತುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು. ಸದ್ದೇ ಇಲ್ಲದಿದ್ದರೆ ಕೀ ಸ್ವಿಚ್, ರಿಲೇ, ಸೊಲೆನಾಯ್ಡ್‌ನ ಸಣ್ಣ ವೈರ್ ಇವನ್ನು ನೋಡಬೇಕು. ಮೋಟಾರ್ ‘ಗುಂಯ್’ ಎಂದು ಸುತ್ತಿದರೂ ಎಂಜಿನ್ ತಿರುಗದಿದ್ದರೆ ಪಿನಿಯನ್‌ನ (ಮೋಟಾರ್ ತುದಿಯ ಸಣ್ಣ ಹಲ್ಲುಚಕ್ರ) ಕ್ಲಚ್ ಜಾರುತ್ತಿದೆ. ಕರಕರ ಎಂದು ಹಲ್ಲು ಕಡಿದರೆ ಪಿನಿಯನ್ ಅಥವಾ ಅದು ತಿರುಗಿಸುವ ಎಂಜಿನ್‌ನ ದೊಡ್ಡ ಹಲ್ಲುಚಕ್ರ, ಫ್ಲೈವೀಲ್ ರಿಂಗ್, ಸವೆದಿದೆ. ನಾಲ್ಕು ಸಿಲಿಂಡರ್ ಎಂಜಿನ್ ಸಾಮಾನ್ಯವಾಗಿ ಎರಡೇ ಜಾಗದಲ್ಲಿ ಬಂದು ನಿಲ್ಲುವುದರಿಂದ ರಿಂಗ್‌ನ ಹಲ್ಲು ಅಲ್ಲಿಯೇ ಹೆಚ್ಚು ಸವೆಯುತ್ತದೆ. ಗೇರ್‌ನಲ್ಲಿಟ್ಟು ಗಾಡಿಯನ್ನು ಗೇಣುದ್ದ ತಳ್ಳಿದ ಮೇಲೆ ಸೆಲ್ಫ್ ಹಿಡಿಯುತ್ತದೆ ಎನ್ನುವವರು ಮೋಟಾರ್ ಕೊಳ್ಳುವ ಮೊದಲು ರಿಂಗ್ ನೋಡಿಸಲಿ.

ಇನ್ನು ವೋಲ್ಟ್ ಅಳೆಯುವ ಮೀಟರ್ (ಮಲ್ಟಿಮೀಟರ್). ಕೆಲವು ಗಂಟೆ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ ಎಂದರ್ಥ. 12.2 ಬಂದರೆ ಸುಮಾರು ಅರ್ಧ ಮಾತ್ರ ಉಳಿದಿದೆ, ಚಾರ್ಜ್ ಮಾಡದೆ ಮುಂದಿನ ಪರೀಕ್ಷೆಗೆ ಹೋಗಬೇಡಿ. ಸೆಲ್ಫ್ ಹೊಡೆಯುವಾಗ ಇದು 9.6ಕ್ಕಿಂತ ಕೆಳಗಿಳಿಯಬಾರದು. ಇಷ್ಟನ್ನು ಬಹಳ ಮಂದಿ ನೋಡುತ್ತಾರೆ, ಮುಂದಿನದನ್ನು ಬಿಡುತ್ತಾರೆ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಸ್ಟಾರ್ಟ್ ಆಗದಂತೆ ಇಂಧನ ತಡೆಯಿರಿ. ಮೀಟರ್‌ನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಸೀಸದ ಮೊಳೆಗೇ ಒತ್ತಿ, ಕ್ಲಾಂಪ್‌ಗೆ ಅಲ್ಲ. ಕಪ್ಪು ಕಡ್ಡಿಯನ್ನು ಸ್ಟಾರ್ಟರ್‌ಗೆ ದಪ್ಪ ಕೇಬಲ್ ಬಂದು ಸೇರುವ ಬೋಲ್ಟ್‌ಗೆ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಬಂದರೆ ಕೇಬಲ್ ಅಥವಾ ಜೋಡಣೆ ಕೆಟ್ಟಿದೆ. ಹಾಗೆಯೇ ಮೈನಸ್ ಮೊಳೆಯಿಂದ ಸ್ಟಾರ್ಟರ್‌ನ ಮೈಗೆ ಅಳೆಯಿರಿ, ಅಲ್ಲಿ 0.2 ವೋಲ್ಟ್ ದಾಟಬಾರದು.

ಮೀಟರ್‌ನ ಓಮ್ (ಕರೆಂಟ್‌ಗೆ ಇರುವ ಅಡ್ಡಿಯ) ಅಳತೆಯಲ್ಲಿ ಈ ದೋಷ ಸಿಗುವುದಿಲ್ಲ. ಸೆಲ್ಫ್ 150 ಆಂಪಿಯರ್ ಎಳೆಯುವಾಗ ಜೋಡಣೆಯಲ್ಲಿ ಬರೀ 0.01 ಓಮ್ ಅಡ್ಡಿಯಿದ್ದರೂ ಒಂದೂವರೆ ವೋಲ್ಟ್ ಅಲ್ಲಿಯೇ ಕರಗಿಹೋಗುತ್ತದೆ. ಸಾಧಾರಣ ಮೀಟರ್ ಅಷ್ಟು ಸಣ್ಣ ಓಮ್ ಹಿಡಿಯದು. ನಮ್ಮ ಕಡೆಯ ತೇವಕ್ಕೆ ಟರ್ಮಿನಲ್ ಮೇಲೆ ಹಸಿರು-ಬಿಳಿ ಕಿಲುಬು ಕಟ್ಟುವುದು, ಕೆಸರು ಮೆತ್ತಿ ಎಂಜಿನ್‌ನ ಅರ್ತ್ ಪಟ್ಟಿಗೆ (ಕರೆಂಟ್ ಎಂಜಿನ್‌ನಿಂದ ಬ್ಯಾಟರಿ ಮೈನಸ್ ಕಡೆಗೆ ಮರಳುವ ಪಟ್ಟಿ) ತುಕ್ಕು ಹಿಡಿಯುವುದು ಮಾಮೂಲು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ಹಾಗಾಗಿ ಆ ಪಟ್ಟಿ ಕಡಿದರೆ ಕರೆಂಟ್ ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್ ಹಿಡಿದು ಮರಳಲು ನೋಡುತ್ತದೆ. ಸೆಲ್ಫ್ ಹೊಡೆದಾಗ ಈ ಕೇಬಲ್‌ಗಳು ಬಿಸಿಯಾದರೆ ಮೊದಲು ಅರ್ತ್ ಹುಡುಕಿ.

ಇವೆಲ್ಲ ಸರಿಯಿದ್ದು, ಕೀ ತಿರುಗಿಸಿದಾಗ ಸೊಲೆನಾಯ್ಡ್‌ನ ಸಣ್ಣ ಟರ್ಮಿನಲ್‌ಗೂ ವೋಲ್ಟ್ ಚೆನ್ನಾಗಿ ಬರುತ್ತಿದ್ದರೆ ಆಗ ಮೋಟಾರ್ ಬಿಚ್ಚಿ. ಬ್ಯಾಟರಿಯ ಮೈನಸ್ ಮೊದಲು ತೆಗೆಯಬೇಕು, ಕೊನೆಗೆ ಹಾಕಬೇಕು. ಮೈನಸ್ ತೆಗೆಯದಿದ್ದರೆ ದಪ್ಪ ಕೇಬಲ್‌ನಲ್ಲಿ ಸದಾ ಕರೆಂಟ್ ಇರುತ್ತದೆ, ಸ್ಪ್ಯಾನರ್ ಬಾಡಿಗೆ ತಾಗಿದರೆ ಕೈ ಸುಡುತ್ತದೆ. ಕೆಳಗೆ ನುಗ್ಗುವ ಮುನ್ನ ಚಕ್ರಕ್ಕೆ ಅಡ್ಡ ಕೊಡಿ. ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಇಡಿ. ಕೊನೆಯ ಬೋಲ್ಟ್ ಕಳಚುವಾಗ ಮೋಟಾರ್‌ಗೆ ಕೈಯಾಸರೆ ಇರಲಿ, ಭಾರವಿರುತ್ತದೆ. ಮಧ್ಯೆ ಶಿಮ್ (ತೆಳು ಲೋಹದ ಬಿಲ್ಲೆ) ಇದ್ದರೆ ಎತ್ತಿಡಿ.

ಬಿಚ್ಚಿದ ಮೋಟಾರ್‌ನ ಪಿನಿಯನ್ ಕೈಯಲ್ಲಿ ತಿರುಗಿಸಿ: ಒಂದು ಕಡೆಗೆ ಸಲೀಸಾಗಿ ತಿರುಗಬೇಕು, ಇನ್ನೊಂದು ಕಡೆಗೆ ಶಾಫ್ಟ್ ಹಿಡಿಯಬೇಕು. ಬ್ರಷ್, ಬುಷ್, ಸೊಲೆನಾಯ್ಡ್ ಮಾತ್ರ ಹೋಗಿದ್ದು ಆರ್ಮೇಚರ್ (ಒಳಗೆ ಸುತ್ತುವ ತಂತಿಸುರುಳಿಯ ಭಾಗ) ಸುಟ್ಟಿಲ್ಲದಿದ್ದರೆ ರಿಪೇರಿಯೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ರಷ್ ತಾಗುವ ತಾಮ್ರದ ಭಾಗವಾದ ಕಮ್ಯುಟೇಟರ್ ಉಜ್ಜಲು ನಯವಾದ ಮರಳು ಕಾಗದ ಬಳಸಿ, ಎಮರಿ ಬೇಡ. ಅದರ ಪುಡಿ ಕರೆಂಟ್ ಹಾಯಿಸಿ ಶಾರ್ಟ್ ಮಾಡಬಲ್ಲದು. ಪಿನಿಯನ್‌ನ ಕ್ಲಚ್ಚನ್ನು ಪೆಟ್ರೋಲ್‌ನಲ್ಲಿ ಅದ್ದಿ ತೊಳೆಯಬೇಡಿ, ಒಳಗಿನ ಗ್ರೀಸ್ ಹೋಗುತ್ತದೆ.

ಕೂರಿಸುವಾಗ ಆಗುವ ತಪ್ಪು ಎರಡು. ರಿಪೇರಿಯಾದ ಮೋಟಾರ್‌ಗೆ ಅಂದಕ್ಕೆಂದು ಬಳಿದ ಪೇಂಟ್ ಕೂರುವ ಮುಖದ ಮೇಲೂ ಇರುತ್ತದೆ. ಬಹುಪಾಲು ಮೋಟಾರ್‌ಗಳಿಗೆ ಅರ್ತ್ ಸಿಗುವುದು ಆ ಮುಖದಿಂದಲೇ, ಲೋಹ ಕಾಣುವವರೆಗೆ ಕೆರೆಯಬೇಕು. ಇನ್ನೊಂದು, ದಪ್ಪ ಕೇಬಲ್‌ನ ನಟ್ಟನ್ನು ಬಲ ಹಾಕಿ ಬಿಗಿದರೆ ತಾಮ್ರದ ಬೋಲ್ಟ್ ಒಳಗೇ ತಿರುಗಿ ಸೊಲೆನಾಯ್ಡ್‌ನ ಮುಚ್ಚಳ ಒಡೆಯುತ್ತದೆ.

ಸೆಲ್ಫ್ ಕೆಟ್ಟ ಗಾಡಿಯನ್ನು ದಿಬ್ಬದ ಮೇಲೆ ನಿಲ್ಲಿಸಿ, ಉರುಳಿಸಿ ಸ್ಟಾರ್ಟ್ ಮಾಡುವ ಮಲೆನಾಡಿನ ರೂಢಿ ದಯವಿಟ್ಟು ನಿಲ್ಲಲಿ. ಎಂಜಿನ್ ಓಡದಿದ್ದರೆ ಬ್ರೇಕ್ ಬೂಸ್ಟರ್‌ಗೆ ಬಲವಿಲ್ಲ, ಪವರ್ ಸ್ಟೀರಿಂಗ್ ಇಲ್ಲ. ಅಂಥ ಗಾಡಿ ತಿರುವಿನಲ್ಲಿ ಉರುಳುವಾಗ ಎದುರು ಶಾಲೆಯ ಮಕ್ಕಳು ಬಂದರೆ ಗತಿಯೇನು? ಹೊಸ ಮೋಟಾರ್‌ಗೂ ಒಂದು ಸಲಕ್ಕೆ 10 ಸೆಕೆಂಡ್‌ಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ಅರ್ಧ ನಿಮಿಷ ಆರಲು ಬಿಡಿ.

ಗ್ಯಾರೇಜ್ ಬಂಧುಗಳಲ್ಲಿ ವಿನಂತಿ: ಬ್ಯಾಟರಿ, ಪ್ಲಸ್ ದಾರಿ, ಅರ್ತ್ ದಾರಿ ಈ ಮೂರರ ವೋಲ್ಟ್ ಅಂಕಿಗಳನ್ನು ಬಿಲ್ಲಿನ ಮೇಲೆ ಬರೆದು, ತೆಗೆದ ಹಳೆಯ ಮೋಟಾರನ್ನು ಮಾಲೀಕರ ಕೈಗೆ ಕೊಡಿ. ಕೊಡದಿದ್ದರೆ ಮಾಲೀಕರು ಕೇಳಿ ಪಡೆಯಲಿ.

– ಆಟೋ ಎಲೆಕ್ಟ್ರೀಷಿಯನ್, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ