ನ್ಯಾಷನಲ್ ಪಾರ್ಕ್ ರಶ್ಶಿಗೆ ಟಿಕೆಟ್ ರೇಟ್ ಏರಿಸೋದು ಮದ್ದಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ನ್ಯಾಷನಲ್ ಪಾರ್ಕ್‌ಗಳಲ್ಲಿ ಜನ ಮಿತಿ ಮೀರಿದ್ದಾರೆ, ಟಿಕೆಟ್ ರೇಟ್ ಡಬಲ್ ಮಾಡಿ, ರಶ್ ತಾನಾಗೇ ಇಳಿಯುತ್ತೆ ಅಂತ ನಿಮ್ಮ ಓದುಗರ ಪತ್ರಗಳಲ್ಲಿ ಪದೇ ಪದೇ ಬರ್ತಾ ಇದೆ. ಓದಿ ಸುಮ್ಮನಿರೋಕೆ ಆಗ್ಲಿಲ್ಲ. ರೇಟ್ ಏರಿಸಿದ್ರೆ ಮೊದಲು ಹೊರಗುಳಿಯೋರು ಕೈಯಲ್ಲಿ ದುಡ್ಡು ಕಮ್ಮಿ ಇರೋರು, ಗೇಟ್ ಮುಂದಿನ ಕಾರಿನ ಸಾಲು ಮಾತ್ರ ಹಾಗೇ ಇರುತ್ತೆ.

ಯಾಕೆ ಅಂದ್ರೆ ಲೆಕ್ಕ ಸಿಂಪಲ್ಲು. ವಿಮಾನದಲ್ಲಿ ಬಂದು, ರೂಮ್ ಹಿಡಿದು, ಬಾಡಿಗೆ ಕಾರ್ ತಗೊಂಡು ಬರೋ ಫ್ಯಾಮಿಲಿಗೆ ಗೇಟ್ ಫೀ ಅನ್ನೋದು ಒಟ್ಟು ಖರ್ಚಲ್ಲಿ ಚಿಲ್ಲರೆ, ಅದು ಎರಡು ಪಟ್ಟಾದ್ರೂ ಅವರೇನು ವಾಪಸ್ ಹೋಗಲ್ಲ. ಹತ್ತಿರದಲ್ಲೇ ಇದ್ದು, ರಜಾ ದಿನ ಮಕ್ಕಳನ್ನ ಕರ್ಕೊಂಡು ಬೆಳಿಗ್ಗೆ ಬಂದು ಸಂಜೆ ಹೋಗೋರಿಗೆ ಮಾತ್ರ ಅದು ದೊಡ್ಡ ಮೊತ್ತ. ಅಮೆರಿಕದಲ್ಲಿ 2017ರಲ್ಲಿ ಇದನ್ನೇ ಮಾಡೋಕೆ ಹೊರಟಿದ್ರು, 17 ಹೆಸರುವಾಸಿ ಪಾರ್ಕ್‌ಗಳಿಗೆ ಸೀಸನ್ ಟೈಮಲ್ಲಿ ಒಂದು ಕಾರಿಗೆ 70 ಡಾಲರ್ ಅಂತ ಪ್ರಸ್ತಾವ, ಜನರಿಂದ ಒಂದು ಲಕ್ಷಕ್ಕಿಂತ ಹೆಚ್ಚು ಅಭಿಪ್ರಾಯ ಬಂತು, ಬಹುಪಾಲು ಬೇಡ ಅಂತಾನೇ, ಕೊನೆಗೆ 2018ರಲ್ಲಿ ಆ ಪ್ಲ್ಯಾನ್ ಕೈಬಿಟ್ಟು ಸಣ್ಣ ಏರಿಕೆಗೆ ಸುಮ್ಮನಾದ್ರು. ಈಗ 2026ರ ಜನವರಿಯಿಂದ 11 ಪಾರ್ಕ್‌ಗಳಲ್ಲಿ ಹೊರದೇಶದವರಿಗೆ ಮಾತ್ರ ತಲೆಗೆ 100 ಡಾಲರ್ ಹೆಚ್ಚುವರಿ ಹಾಕಿದ್ದಾರೆ. ಅದರಿಂದ ಖಜಾನೆಗೆ ದುಡ್ಡು ಬರಬಹುದು, ಬರಲಿ, ಬೇಡ ಅನ್ನಲ್ಲ. ಆದ್ರೆ ಅದನ್ನ ರಶ್ ಕಂಟ್ರೋಲ್ ಅಂತ ಕರೀಬೇಡಿ.

ನನ್ನ ಪ್ರಕಾರ ಸಮಸ್ಯೆ ಇರೋದು ಬರೋರ ಒಟ್ಟು ಸಂಖ್ಯೆಯಲ್ಲಲ್ಲ. 2024ರಲ್ಲಿ ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್ ನೋಡ್ಕೊಳ್ಳೋ ಜಾಗಗಳಿಗೆಲ್ಲ ಸೇರಿ 33 ಕೋಟಿಗೂ ಹೆಚ್ಚು ಭೇಟಿ ಆಗಿತ್ತು, ಕೇಳಿದ್ರೆ ಎದೆ ಧಸಕ್ ಅನ್ನುತ್ತೆ. ಆದ್ರೆ ಈ ಜನ ಎಲ್ಲಾ ಕಡೆ ಹರಡಿರಲ್ಲ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಪಾರ್ಕ್ ಸುಮಾರು 3,000 ಚದರ ಕಿಲೋಮೀಟರ್ ಇದೆ, ಆದ್ರೆ ಬಹುತೇಕ ಎಲ್ಲರೂ ಹೋಗಿ ತುಂಬ್ಕೊಳ್ಳೋದು ಹನ್ನೆರಡು ಕಿಲೋಮೀಟರ್ ಉದ್ದದ ಒಂದೇ ಕಣಿವೆಯಲ್ಲಿ, ಅದೂ ಬೇಸಿಗೆ ವೀಕೆಂಡು, ಅದೂ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ. ಪಾರ್ಕಿಂಗ್ ಫುಲ್ ಆದ್ಮೇಲೆ ಕಾರುಗಳು ಜಾಗ ಸಿಗುತ್ತೇನೋ ಅಂತ ಸುತ್ತು ಹೊಡೀತಾನೇ ಇರ್ತವೆ, ಸಿಗದೇ ಇದ್ರೆ ರಸ್ತೆ ಪಕ್ಕ ಹುಲ್ಲಿನ ಮೇಲೇ ನಿಲ್ಲಿಸಿ ಹೋಗ್ತಾರೆ, ಯಾರಿಗಾದ್ರೂ ಎದೆನೋವು ಬಂದ್ರೆ ಆಂಬುಲೆನ್ಸ್ ಒಳಗೆ ಹೋಗೋಕೆ ದಾರಿ ಇರಲ್ಲ. ಹಾಗಾಗಿ ಕಡಿವಾಣ ಬೀಳ್ಬೇಕಾಗಿರೋದು ವಾಹನಕ್ಕೆ, ಟೈಮಿಗೆ, ಆ ಒಂದೊಂದು ಇಕ್ಕಟ್ಟಾದ ಜಾಗಕ್ಕೆ. ಇಡೀ ಪಾರ್ಕಿಗೆ ಬೀಗ ಹಾಕಿ ಕೂರೋದಲ್ಲ.

ಯೂಟಾ ರಾಜ್ಯದ ಆರ್ಚಸ್ ಪಾರ್ಕ್ ನೋಡಿ. ಒಳಗೆ ಹೋಗೋಕೂ ಹೊರಗೆ ಬರೋಕೂ ಒಂದೇ ಗೇಟು. 2021ರಲ್ಲಿ ನೂರಕ್ಕಿಂತ ಹೆಚ್ಚು ಸಲ ಆ ಗೇಟ್ ಮುಚ್ಚಬೇಕಾಯ್ತು, ಒಳಗೆ ಕಾರ್ ನಿಲ್ಲಿಸೋಕೆ ಜಾಗ ಇಲ್ಲ ಅಂತ. ಎಲ್ಲಿಂದಲೋ ಗಾಡಿ ಓಡಿಸ್ಕೊಂಡು ಬಂದೋರು ಗಂಟೆಗಟ್ಟಲೆ ಕಾಯ್ಬೇಕು. 2022ರಿಂದ 2025ರವರೆಗೆ ಸೀಸನ್ನಲ್ಲಿ ಟೈಮ್ ಸ್ಲಾಟ್ ಇಟ್ಟಿದ್ರು, ಬುಕ್ ಮಾಡಿರೋ ಒಂದು ಗಂಟೆಯೊಳಗೆ ಗೇಟ್ ದಾಟಬೇಕಿತ್ತು, ದಾಟಿದ್ಮೇಲೆ ಎಷ್ಟು ಹೊತ್ತಾದ್ರೂ ಇರಬಹುದಿತ್ತು. 2023ರಿಂದ ಬೆಳಿಗ್ಗೆ ಏಳಕ್ಕೆ ಮುಂಚೆ ಬಂದ್ರೆ ಬುಕಿಂಗೇ ಬೇಕಿರಲಿಲ್ಲ. ನನಗೆ ಇಷ್ಟ ಆಗಿದ್ದು ಆ ಕೊನೇ ಮಾತೇ, ಬೇಗ ಎದ್ದು ಬರೋನಿಗೆ ಬಾಗಿಲು ತೆರೆದೇ ಇರ್ತಿತ್ತು.

ಅದೇ ರಾಜ್ಯದ ಝಯಾನ್ ಪಾರ್ಕ್ ಕಥೆ ಇನ್ನೂ ಸ್ವಾರಸ್ಯ. ಅಲ್ಲಿ 2000ದಲ್ಲೇ ಸೀಸನ್ ಟೈಮಲ್ಲಿ ಕಣಿವೆ ರಸ್ತೆಗೆ ಖಾಸಗಿ ಕಾರ್ ಬಿಡೋದು ನಿಲ್ಲಿಸಿ ಷಟಲ್ ಬಸ್ ಹಾಕಿದ್ರು. ರಸ್ತೆ ಖಾಲಿ ಆಯ್ತು, ಹೊಗೆ ಹೋಯ್ತು, ಗದ್ದಲ ಕಮ್ಮಿ ಆಯ್ತು. ಆದ್ರೆ ಪಾರ್ಕಿಗೆ ಬರೋರು ವರ್ಷ ವರ್ಷ ಹೆಚ್ಚಾಗಿ 2021ರಲ್ಲಿ 50 ಲಕ್ಷ ದಾಟಿದ್ರು, ಬಸ್ಸು ಜನರನ್ನ ತಂದು ತಂದು ಅದೇ ಎರಡು ಮೂರು ಸ್ಟಾಪಲ್ಲಿ ಇಳಿಸ್ತಾ ಇತ್ತು, ರಸ್ತೆ ಮೇಲಿದ್ದ ಜಾಮ್ ಕಾಲುದಾರಿಗೆ ಶಿಫ್ಟ್ ಆಯ್ತು ಅಷ್ಟೇ. ಏಂಜಲ್ಸ್ ಲ್ಯಾಂಡಿಂಗ್ ಅಂತ ಒಂದು ಬಂಡೆ ಏಣು ಇದೆ, ಎರಡೂ ಕಡೆ ಪ್ರಪಾತ, ಕೈಗೆ ಒಂದು ಸರಪಳಿ, ಅದರ ಮೇಲೆ ಹತ್ತೋರೂ ಇಳಿಯೋರೂ ಎದುರಾಬದುರಾ ನಿಂತ್ಕೊಳ್ಳೋ ಪರಿಸ್ಥಿತಿ. ಕೊನೆಗೆ 2022ರ ಏಪ್ರಿಲ್‌ನಿಂದ ಆ ಒಂದು ದಾರಿಗೆ ಮಾತ್ರ ಲಾಟರಿ ಪರ್ಮಿಟ್ ಮಾಡಿದ್ರು. ಬಸ್ ಹಾಕ್ಬಿಟ್ರೆ ಎಲ್ಲಾ ಸರಿಹೋಗುತ್ತೆ ಅನ್ನೋರು ಇದನ್ನ ಗಮನಿಸ್ಬೇಕು, ಬಸ್ ಬೇಕು, ಆದ್ರೆ ಬಸ್ ಇಳಿದ ಮೇಲೆ ಜನ ಎಲ್ಲಿ ಹೋಗ್ತಾರೆ ಅನ್ನೋ ಲೆಕ್ಕವೂ ಜೊತೇಲೇ ಬೇಕು.

ಈಗ ಬುಕಿಂಗ್ ವಿಷಯ, ಇಲ್ಲೇ ನನಗೆ ಸಿಟ್ಟು ಬರೋದು. ಆನ್‌ಲೈನ್ ಬುಕಿಂಗ್ ಅಂದ್ರೆ ಎಲ್ಲರಿಗೂ ಸಮಾನ ಅವಕಾಶ ಅಂತ ಅಧಿಕಾರಿಗಳು ಹೇಳ್ತಾರೆ. ಮೂರು ತಿಂಗಳು ಮುಂಚೆ ಬೆಳಿಗ್ಗೆ ಇಷ್ಟು ಗಂಟೆಗೆ ವೆಬ್‌ಸೈಟ್ ಓಪನ್ ಆಗುತ್ತೆ, ಕೆಲವೇ ನಿಮಿಷದಲ್ಲಿ ಖಾಲಿ. ಯಾರಿಗೆ ಸಿಗುತ್ತೆ? ಸ್ಪೀಡ್ ಇಂಟರ್ನೆಟ್ ಇರೋರಿಗೆ, ಕ್ರೆಡಿಟ್ ಕಾರ್ಡ್ ಇರೋರಿಗೆ, ಮೂರು ತಿಂಗಳ ನಂತರ ತನಗೆ ಯಾವತ್ತು ರಜಾ ಅಂತ ಈಗಲೇ ಗೊತ್ತಿರೋರಿಗೆ. ಶಿಫ್ಟಲ್ಲಿ ಕೆಲಸ ಮಾಡೋರಿಗೆ, ದಿನಗೂಲಿಯವರಿಗೆ ನಾಳೆ ರಜಾ ಅನ್ನೋದು ಇವತ್ತು ಸಂಜೆ ಗೊತ್ತಾಗುತ್ತೆ. ಸ್ಮಾರ್ಟ್‌ಫೋನ್ ಬಳಸೋಕೆ ಬರದ ವಯಸ್ಸಾದೋರ ಕಥೆಯಂತೂ ಕೇಳೋದೇ ಬೇಡ.

ಇದಕ್ಕೆ ದಾರಿ ಇಲ್ಲ ಅಂತೇನಿಲ್ಲ. ಮೇನ್ ಅನ್ನೋ ರಾಜ್ಯದ ಅಕೇಡಿಯಾ ಪಾರ್ಕಲ್ಲಿ ಕ್ಯಾಡಿಲಾಕ್ ಬೆಟ್ಟದ ಮೇಲಕ್ಕೆ ಹೋಗೋ ರಸ್ತೆಗೆ 2021ರಿಂದ ಸೀಸನ್ನಲ್ಲಿ ಕಾರಿಗೆ ಮುಂಗಡ ಬುಕಿಂಗ್ ಕಡ್ಡಾಯ. ಅದರಲ್ಲಿ 30 ಪರ್ಸೆಂಟ್ ಟಿಕೆಟ್ ಮಾತ್ರ 90 ದಿನ ಮುಂಚೆ ಬಿಡ್ತಾರೆ, ಉಳಿದ 70 ಪರ್ಸೆಂಟ್ ಬಿಡೋದು ಎರಡೇ ದಿನ ಮುಂಚೆ. ನಡ್ಕೊಂಡು ಹತ್ತೋರಿಗೆ, ಸೈಕಲ್ಲಲ್ಲಿ ಹೋಗೋರಿಗೆ ಈ ಬುಕಿಂಗ್ ಬೇಕಾಗೇ ಇಲ್ಲ. ಮಿತಿ ಕಾರಿಗೆ, ಮನುಷ್ಯನಿಗಲ್ಲ, ಇದನ್ನೇ ನಾನು ಹೇಳ್ತಾ ಇರೋದು. ಯೊಸೆಮಿಟಿಯ ಹಾಫ್ ಡೋಮ್ ಬಂಡೆ ಹತ್ತೋಕೆ ದಿನಕ್ಕೆ ಸುಮಾರು 300 ಜನ ಅಂತ ಮಿತಿ ಇದೆ, ಅಲ್ಲೂ ಸೀಸನ್ ಲಾಟರಿ ಜೊತೆಗೆ ಎರಡು ದಿನ ಮುಂಚಿನ ಲಾಟರಿ ಇಟ್ಟಿದ್ದಾರೆ. ಇದರ ಮೇಲೆ ನನ್ನದೊಂದು ಬೇಡಿಕೆ: ಸ್ವಲ್ಪ ಪಾಲು ಫೋನ್ ಮೂಲಕ, ಸ್ವಲ್ಪ ಪಾಲು ನೇರ ಕೌಂಟರಲ್ಲಿ ಸಿಗಬೇಕು. ಕೌಂಟರ್ ಇಟ್ರೆ ಬೆಳಗಿನ ಜಾವವೇ ಕ್ಯೂ ನಿಲ್ಲುತ್ತೆ ಅಂತೀರಾ? ನಿಲ್ಲುತ್ತೆ, ಹಿಂದಿನ ದಿನ ಸಂಜೆಯೇ ಕೌಂಟರಲ್ಲಿ ಚೀಟಿ ಎತ್ತಿದ್ರಾಯ್ತು. ಟಿಕೆಟ್ ಮೇಲೆ ಹೆಸರಿರಲಿ, ಗೇಟಲ್ಲಿ ಗುರುತಿನ ಚೀಟಿ ನೋಡ್ಲಿ, ಇಲ್ಲಾಂದ್ರೆ ಬ್ಲ್ಯಾಕಲ್ಲಿ ಮಾರೋ ದಂಧೆ ಶುರುವಾಗುತ್ತೆ. ಮೂರು ದಿನಕ್ಕೆ ಬುಕ್ ಮಾಡಿ ಒಂದೇ ದಿನ ಬರೋರು ಎಲ್ಲಾ ಕಡೆ ಇದ್ದಾರೆ, ಹೇಳದೇ ಕೇಳದೇ ಬರದೇ ಇದ್ದೋರಿಗೆ ಆ ಸೀಸನ್ನಿಗೆ ಮತ್ತೆ ಬುಕಿಂಗ್ ಕೊಡಬೇಡಿ, ಕ್ಯಾನ್ಸಲ್ ಆದದ್ದು ತಕ್ಷಣ ಬೇರೆಯವರಿಗೆ ಹೋಗ್ಲಿ.

ಕಾಡು ಎಲ್ಲರದ್ದು, ಬುಕಿಂಗೇ ಬೇಡ ಅನ್ನೋ ವಾದವೂ ಇದೆ. ಯೊಸೆಮಿಟಿಯಲ್ಲಿ ಮೂರು ಬೇಸಿಗೆ ಬುಕಿಂಗ್ ಇಟ್ಟು 2023ರಲ್ಲಿ ತೆಗೆದ್ರು, ಗೇಟಲ್ಲಿ ಗಂಟೆಗಟ್ಟಲೆ ಸಾಲು ಮತ್ತೆ ಶುರುವಾಯ್ತು, 2024ರಲ್ಲಿ ಮತ್ತೆ ಬುಕಿಂಗ್ ತರಬೇಕಾಯ್ತು. ಕ್ಯೂನಲ್ಲಿ ನಿಂತು ಕಾರಲ್ಲೇ ಅರ್ಧ ದಿನ ಕಳೆಯೋದು ಅದ್ಯಾವ ಸ್ವಾತಂತ್ರ್ಯವೋ ನನಗಂತೂ ಅರ್ಥ ಆಗಲ್ಲ.

ಇನ್ನು ಕೆಲವರು ಜನರನ್ನ ಹೆಸರು ಕೇಳಿರದ ಪಾರ್ಕ್‌ಗಳಿಗೆ ಕಳಿಸಿ ಅಂತಾರೆ. ಅಲ್ಲಿ ಟಾಯ್ಲೆಟ್ ಇಲ್ಲ, ಗಾರ್ಡ್ ಇಲ್ಲ, ದಾರಿ ಗುರುತು ಇಲ್ಲ. ಯೂಟಾದಂಥ ಮರುಭೂಮಿ ಪಾರ್ಕ್‌ಗಳಲ್ಲಿ ಮಣ್ಣಿನ ಮೇಲೆ ಪಾಚಿ, ಬ್ಯಾಕ್ಟೀರಿಯಾ ಎಲ್ಲಾ ಸೇರಿ ಒಂದು ಜೀವಂತ ಪದರ ಕಟ್ಟಿರುತ್ತೆ, ದಾರಿ ಬಿಟ್ಟು ಒಂದು ಹೆಜ್ಜೆ ಇಟ್ರೆ ಸಾಕು ಅದು ಪುಡಿ, ಮತ್ತೆ ಬೆಳೆಯೋಕೆ ದಶಕಗಳೇ ಬೇಕು. ಸೌಕರ್ಯ ಮಾಡದೇ ಜನ ಕಳಿಸೋದು ಬೇಡ.

ಕೊನೇದಾಗಿ ನಿಮ್ಮ ಪತ್ರಿಕೆಗೇ ಒಂದು ಮಾತು, ಬೇಜಾರಾಗ್ಬೇಡಿ. ಪ್ರವಾಸ ಪುರವಣಿಯಲ್ಲಿ ‘ಸಾಯೋದ್ರೊಳಗೆ ನೋಡಲೇಬೇಕಾದ’ ಅಂತ ಅದೇ ನಾಲ್ಕು ಜಾಗದ ಅದೇ ಫೋಟೋ ಹಾಕ್ತೀರಿ. ಹಾಕಿ, ಆದ್ರೆ ಕೆಳಗೆ ಒಂದು ಬಾಕ್ಸಲ್ಲಿ ಬುಕಿಂಗ್ ಯಾವತ್ತು ಓಪನ್ ಆಗುತ್ತೆ, ಯಾವ ತಿಂಗಳಲ್ಲಿ ರಶ್ ಕಮ್ಮಿ, ಬಸ್ ಎಲ್ಲಿಂದ ಹೊರಡುತ್ತೆ, ಬುಕಿಂಗ್ ಇಲ್ಲದೇ ಎಷ್ಟು ಗಂಟೆಗೆ ಮುಂಚೆ ಹೋಗಬಹುದು ಅನ್ನೋದನ್ನೂ ಹಾಕಿ. ಆ ಬಾಕ್ಸ್ ಇಲ್ಲದ ಲೇಖನ ಮುಂದಿನ ವಾರ ಬಂದ್ರೆ ನಾನು ಇನ್ನೊಂದು ಪತ್ರ ಬರೀತೀನಿ.

ಇಂತಿ,
ನಿಮ್ಮ ಓದುಗ