ಎರಡನೇ ಸೆಟ್ ಮುಗಿಯುವ ತನಕ ಕೂತವರಿಗೆ

ಇಂದಿರಾನಗರದ ನಮ್ಮ ಪುಟ್ಟ ಪಬ್ಬಿನಲ್ಲಿ ವಾರಾಂತ್ಯದ ಜಾಜ್, ಬ್ಲೂಸ್ ಶುರುವಾಗಿ ಈ ತಿಂಗಳಿಗೆ ಹತ್ತು ವರ್ಷ ತುಂಬಿತು. ನಾನು ಬ್ಯಾಂಡಿನ ಬೇಸ್ ಗಿಟಾರಿನವನು. ನನ್ನ ಕೈಗೆ ಮೈಕ್ ಸಿಗುವುದು ಅಪರೂಪ, ಹಾಗಾಗಿ ಹೇಳಬೇಕಾದ್ದನ್ನು ಇಲ್ಲೇ ಬರೆದುಬಿಡುತ್ತೇನೆ.

ಮೊದಲು ಮಾಲೀಕರಿಗೆ. ಸಾರ್, ಶನಿವಾರ ಡಿಜೆ ಕೂರಿಸಿದ್ದರೆ, ಐಪಿಎಲ್ ಮ್ಯಾಚಿಗೆ ದೊಡ್ಡ ಪರದೆ ಹಾಕಿದ್ದರೆ ಗಲ್ಲಾ ಇನ್ನಷ್ಟು ತುಂಬುತ್ತಿತ್ತು ಅಂತ ನಮಗೂ ಗೊತ್ತು. 2018ರಲ್ಲಿ ಪೊಲೀಸ್ ಲೈಸೆನ್ಸಿನ ವಿಚಾರ ಬಿಗಿಯಾದಾಗ ಬೆಂಗಳೂರಿನ ಎಷ್ಟೋ ಪಬ್ಬುಗಳು ಲೈವ್ ಸಂಗೀತವನ್ನೇ ನಿಲ್ಲಿಸಿದವು. ನೀವು ಫೈಲ್ ಹಿಡಿದು ಓಡಾಡಿದಿರಿ.

ಆಮೇಲೆ ಕೊರೋನಾ. 2020ರ ಮಾರ್ಚ್ 14ರಂದು ಪಬ್, ಮಾಲ್, ಚಿತ್ರಮಂದಿರಗಳಿಗೆಲ್ಲ ಬೀಗ ಬಿತ್ತು. ಅವತ್ತು ಶನಿವಾರ, ನಮ್ಮ ಗಿಗ್ ಇತ್ತು. ಸೆಪ್ಟೆಂಬರ್ ಒಂದರಿಂದ ಪಬ್ಬಿನಲ್ಲಿ ಕೂತು ಕುಡಿಯಲು ಅನುಮತಿ ಸಿಕ್ಕಿತು, ಹಾಡುವವರ ಸರದಿ ಬರಲು ಇನ್ನೂ ತಡವಾಯಿತು. 2022ರ ಜನವರಿಯಲ್ಲಂತೂ ವಾರಾಂತ್ಯ ಕರ್ಫ್ಯೂ! ಶನಿವಾರ, ಭಾನುವಾರ ನಂಬಿ ಬದುಕುವವರಿಗೆ ಹೇಳಿ ಮಾಡಿಸಿದ ಪೆಟ್ಟು. ನಮ್ಮ ಡ್ರಮ್ಮರ್ ತನ್ನ ಸಿಂಬಲ್, ಅಂದರೆ ಡ್ರಮ್ಸಿನ ಲೋಹದ ತಟ್ಟೆ, ಮಾರುವ ಮಾತಾಡುತ್ತಿದ್ದ. ಕೇಳಲು ಬರುವ ನಿಮ್ಮಲ್ಲಿ ಕೆಲವರು ಮಕ್ಕಳನ್ನು ಅವನ ಆನ್‌ಲೈನ್ ಪಾಠಕ್ಕೆ ಸೇರಿಸಿದಿರಿ, 'ಮುಂದಿನ ತಿಂಗಳ ಫೀಸೂ ಈಗಲೇ ಇಟ್ಕೊಳ್ಳಿ' ಅಂದಿರಿ. ಸಿಂಬಲ್ ಉಳಿಯಿತು. ಯಾರ್ಯಾರು ಅಂತ ಅವನಿಗೆ ನೆನಪಿದೆ, ಹೆಸರು ಬರೆಯಬೇಡ ಅಂತ ನೀವೇ ಹೇಳಿದ್ದೀರಿ.

ಬಾರ್ ಕೌಂಟರಿನ ಅಣ್ಣನಿಗೆ ಬೇರೆಯಾಗಿಯೇ ಒಂದು ನಮಸ್ಕಾರ. ನಿಧಾನದ ಬ್ಯಾಲಡ್‌ನಲ್ಲಿ ಡ್ರಮ್ಮರ್ ಕೋಲು ಕೆಳಗಿಟ್ಟು ಬ್ರಷ್ ಎತ್ತಿಕೊಳ್ಳುತ್ತಾನೆ. ತಂತಿಯ ಎಳೆಗಳು ಸ್ನೇರ್ ಡ್ರಮ್ಮಿನ ಮೇಲೆ ಸವರುವ ಆ ಸದ್ದನ್ನು ಅಳಿಸಲು ಒಂದು ಮಿಕ್ಸಿ ಸಾಕು. ಬ್ರಷ್ ಕಂಡ ಕೂಡಲೇ ಅಣ್ಣ ಕಾಕ್‌ಟೇಲ್ ಆರ್ಡರ್ ತಡೆಹಿಡಿಯುತ್ತಾರೆ, ಐಸ್ ಕೂಡ ಜಡಿಯುವುದಿಲ್ಲ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಕಾಣದ ಮರ್ಯಾದೆ ಇದು. ಅವರು ಕಾಯಿಸಿದ್ದಕ್ಕೆ ಗೊಣಗದ ಗಿರಾಕಿಗಳಿಗೂ ಶರಣು.

ಮೂಲೆಯ ಟೇಬಲ್ಲಿನಲ್ಲಿ ಲೈಮ್ ಸೋಡಾ ಹಿಡಿದು ಕೂರುವ ಹಿರಿಯರೊಬ್ಬರಿದ್ದಾರೆ. ಮೃದಂಗ ಕಲಿತವರು. ಹನ್ನೆರಡು ಬಾರಿನ (ಇಲ್ಲಿ ಬಾರ್ ಅಂದರೆ ತಾಳದ ಒಂದು ಅಳತೆ) ಬ್ಲೂಸ್ ಅಂದರೆ ಬಾರಿಗೆ ನಾಲ್ಕು ಎಣಿಕೆಯಂತೆ ನಲವತ್ತೆಂಟಕ್ಕೆ ಒಂದು ಸುತ್ತು, ಅವರಿಗೆ ಅದು ಒಂದು ಆವರ್ತನ. ಸೋಲೋದಲ್ಲಿ ಸ್ಯಾಕ್ಸೊಫೋನ್ ಎಲ್ಲೆಲ್ಲೋ ಅಲೆದರೂ ತೊಡೆಯ ಮೇಲಿನ ಅವರ ಕೈ ಸಮಕ್ಕೆ, ಅಂದರೆ ಸುತ್ತಿನ ಮೊದಲ ಎಣಿಕೆಗೆ, ಸರಿಯಾಗಿ ಬಂದು ಬೀಳುತ್ತದೆ. ಎಷ್ಟೋ ಸಲ ನಾನು ಡ್ರಮ್ಮರನ್ನು ಬಿಟ್ಟು ಆ ಕೈಯನ್ನೇ ನೋಡಿ ನುಡಿಸಿದ್ದೇನೆ. 'ಕದ್ರಿ ಗೋಪಾಲನಾಥರ ವಾದ್ಯ ಹಿಡಿದಿದ್ದೀಯ, ಜೋಪಾನ ಮಗಾ' ಅಂತ ನಮ್ಮ ಸ್ಯಾಕ್ಸೊಫೋನ್ ಹುಡುಗನನ್ನು ಹೆದರಿಸಿದವರೂ ಅವರೇ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿಗೆ ಮನಸೋತ ಕದ್ರಿಯವರು ಅಮೆರಿಕದ ಜಾಜ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಜೊತೆಗೂ ನುಡಿಸಿದವರು ಎಂಬುದನ್ನು ಹುಡುಗ ಆಮೇಲೆ ಓದಿಕೊಂಡ. ಭಯ ಇನ್ನೂ ಹೆಚ್ಚಾಯಿತು.

ನಾಲ್ಕು ಎಣಿಕೆಯಲ್ಲಿ ಎರಡು, ನಾಲ್ಕರ ಮೇಲೆ ಚಪ್ಪಾಳೆ ತಟ್ಟಲು ಕಲಿತವರಿಗೆ ಥ್ಯಾಂಕ್ಸ್. ಒಂದು, ಮೂರಕ್ಕೇ ತಟ್ಟುವವರಿಗೂ ಥ್ಯಾಂಕ್ಸ್, ಶಫಲ್ ಅನ್ನೋ ನಮ್ಮ ಬ್ಲೂಸ್ ಲಯ ಹೇಗೋ ಸುಧಾರಿಸಿಕೊಳ್ಳುತ್ತದೆ. ಸಿನಿಮಾ ಹಾಡಿನ ಚೀಟಿ ಕಳಿಸುವವರೇ, ಚೀಟಿಗಳೆಲ್ಲ ನಮ್ಮ ಗಿಟಾರ್ ಕೇಸಿನಲ್ಲಿ ಭದ್ರವಾಗಿವೆ. ಅಲ್ಲೇ ಇರುತ್ತವೆ.

ಕೊನೆಗೆ, ಮೇಲಿನ ಮನೆಯ ಆಂಟಿ. ಹಾಡು ಗೋಡೆಗೆ ತಡೆದು ನಿಂತರೂ ಬೇಸ್ ನಿಲ್ಲುವುದಿಲ್ಲ, ಕಟ್ಟಡದೊಳಗೇ ಹತ್ತಿ ಬರುತ್ತದೆ. ಪೊಲೀಸರಿಗೆ ಫೋನ್ ಮಾಡುವ ಬದಲು ನೀವು ನೈಟಿ ಮೇಲೊಂದು ಶಾಲು ಹೊದ್ದು ಕೆಳಗಿಳಿದು ಬಂದು ಹೇಳಿದಿರಿ. ನನ್ನ ಆಂಪ್, ಅಂದರೆ ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ, ಈಗ ನೆಲದ ಮೇಲಿಲ್ಲ, ದಪ್ಪ ಫೋಮಿನ ಮೇಲಿದೆ. ಈ ಶನಿವಾರ ಎಂಟಕ್ಕೆ ಶುರು, ಮೊದಲ ಸೆಟ್ ಪೂರ್ತಿ ಬ್ಲೂಸ್. ಮುಂದಿನ ಸಾಲಿನಲ್ಲಿ ನಿಮಗೊಂದು ಕುರ್ಚಿ ಹಾಕಿಸಿದ್ದೇವೆ, ಅಂಕಲ್‌ನೂ ಕರ್ಕೊಂಡು ಬನ್ನಿ.